ಮಕ್ಕಳ ಪುಸ್ತಕದ ಅಂಕಣ

ಮಕ್ಕಳ ಸಾಹಿತ್ಯದ ಅಂಕಣಕ್ಕೆ, ಅಂದರೆ ಪತ್ರಿಕೆಯ ಪ್ರತಿ ಸಂಚಿಕೆಯಲ್ಲೂ ಆ ವಿಷಯಕ್ಕೇ ಮೀಸಲಾದ ಪುಟಕ್ಕೆ, ಪುಸ್ತಕ ಕೊಳ್ಳುವ ಹಿರಿಯರು ಮತ್ತು ಅದನ್ನು ಓದಬೇಕಾದ ಮಕ್ಕಳು ಎಂಬ ಎರಡು ಬಗೆಯ ಓದುಗರಿರುತ್ತಾರೆ. ಸಂಪಾದಕರ ಕೆಲಸ ಕಠಿಣವಾಗುವುದು ಇಲ್ಲಿಯೇ. ಏಕೆಂದರೆ ಹಿರಿಯರು ಮೆಚ್ಚುವ ನೀತಿಬೋಧೆ ಎಷ್ಟೋ ಸಲ ಮಗುವಿನ ಕುತೂಹಲವನ್ನು ಕುಗ್ಗಿಸುತ್ತದೆ.

ದಕ್ಷಿಣ ಕನ್ನಡದ ಹಿರಿಯ ಲೇಖಕರು ಇದನ್ನು ಚೆನ್ನಾಗಿ ಅರಿತಿದ್ದರು. ಪಂಜೆ ಮಂಗೇಶರಾಯರು 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿದರು, ಪುತ್ತೂರಿನ ಬಾಲವನದಲ್ಲಿ ನೆಲೆಸಿದ್ದ ಶಿವರಾಮ ಕಾರಂತರು ಮೂರು ಸಂಪುಟಗಳ ‘ಬಾಲಪ್ರಪಂಚ’ದ ಮೂಲಕ ಲೋಕಜ್ಞಾನವನ್ನು ಮಕ್ಕಳ ಕೈಗಿತ್ತರು, ಪುತ್ತೂರಿನವರೇ ಆದ ಬೊಳುವಾರು ಮಹಮದ್ ಕುಂಞಿಯವರು ಶಿಶುಪ್ರಾಸಗಳನ್ನು, ಅಂದರೆ ಎಳೆಯ ಮಕ್ಕಳು ಲಯದ ಖುಷಿಗಾಗಿಯೇ ಹೇಳಿಕೊಳ್ಳುವ ಕಿರುಪದ್ಯಗಳನ್ನು, ‘ತಟ್ಟು ಚಪ್ಪಾಳೆ ಪುಟ್ಟ ಮಗು’ ಎಂಬ ಸಂಕಲನವಾಗಿ ಸಂಪಾದಿಸಿದರಲ್ಲದೆ, ಗಾಂಧೀಜಿಯನ್ನು ಕುರಿತ ಮಕ್ಕಳ ಕೃತಿಗೆ ಸಾಹಿತ್ಯ ಅಕಾಡೆಮಿಯ 2010ರ ಬಾಲಸಾಹಿತ್ಯ ಪುರಸ್ಕಾರವನ್ನು ಪಡೆದರು. ಅಂಕಣದಲ್ಲೂ ಯಾವುದನ್ನು ಆಯ್ದುಕೊಳ್ಳಬೇಕು, ಯಾವುದನ್ನು ಬಿಡಬೇಕೆಂಬ ವಿವೇಕವೇ ಸಂಪಾದನೆಯ ಜೀವಾಳ.

ಇದೇ ಜಿಲ್ಲೆಯ ಕಡಬ ತಾಲೂಕಿನ ಆಲಂಕಾರಿನಂತಹ ಊರಿನಲ್ಲಿ ಮನೆಯೊಳಗೆ ತುಳುವನ್ನೋ ಮಲಯಾಳವನ್ನೋ ಹವ್ಯಕ ಕನ್ನಡವನ್ನೋ ಆಡುವ ಮಗು ಶಾಲೆಯಲ್ಲಿ ಪುಸ್ತಕದ ಕನ್ನಡವನ್ನು ಎದುರುಗೊಳ್ಳುವುದರಿಂದ, ಅಂಕಣದ ಪುಸ್ತಕ ಪರಿಚಯ ಲೇಖನದ ವಾಕ್ಯಗಳು ಸರಳವಾಗಿರಬೇಕು, ಆದರೆ ಆಲೋಚನೆ ತೆಳುವಾಗಬಾರದು. ಕಥೆಯ ಕೊನೆಯನ್ನು ಹೇಳಿಬಿಡದೆ, ಚಿತ್ರಗಳ ಗುಣವನ್ನು ವಿವರಿಸಿ, ಪುಸ್ತಕದ ಬೆಲೆಯನ್ನೂ ಅದು ಸಿಗುವ ಸ್ಥಳವನ್ನೂ ತಪ್ಪದೆ ತಿಳಿಸುವುದು ಹಳ್ಳಿಯ ಓದುಗರಿಗೆ ನಿಜವಾದ ಉಪಕಾರ. ಮಕ್ಕಳೇ ಬರೆದ ಅಭಿಪ್ರಾಯಗಳಿಗೂ ಸಂಪಾದಕರು ಅದೇ ಪುಟದಲ್ಲಿ ಜಾಗ ಕೊಡಬೇಕು. ಶಿಕ್ಷಕರು ಅವುಗಳನ್ನು ತಿದ್ದದೆ ಪತ್ರಿಕೆಗೆ ಕಳುಹಿಸಬೇಕು.