ಪರದೇಶದ ಬಟ್ಟಲಲ್ಲಿ ಹುಣಸೆಯ ಹುಳಿ



ಹೊರದೇಶಕ್ಕೆ ಹೋಗಿ ಬಂದವರನ್ನು ನಮ್ಮವರು ಕೇಳುವ ಮೊದಲ ಪ್ರಶ್ನೆ "ಏನೇನು ನೋಡಿದಿರಿ?" ಎಂಬುದು. ಎರಡನೆಯದು "ಊಟಕ್ಕೆ ಏನು ಮಾಡಿದಿರಿ?" ಮೊದಲ ಪ್ರಶ್ನೆಗೆ ಫೋಟೋ ತೋರಿಸಿದರೆ ಮುಗಿಯಿತು. ಎರಡನೆಯದಕ್ಕೆ ಉತ್ತರ ಹೇಳಲು ಹೊರಟವರು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಕಟ್ಟಡ, ಸೇತುವೆ, ವಸ್ತುಸಂಗ್ರಹಾಲಯಗಳು ಎರಡು ವರ್ಷದಲ್ಲಿ ಒಂದರೊಳಗೊಂದು ಕಲಸಿಹೋಗುತ್ತವೆ. ನಾಲಗೆ ನೆನಪಿಟ್ಟುಕೊಂಡದ್ದು ಹಾಗೆ ಕಲಸುವುದಿಲ್ಲ. ಅಂಥ ಒಂದು ಊಟದ ಬಗ್ಗೆ, ಅದರ ಜೊತೆಗೆ ನಮ್ಮ ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಬಗ್ಗೆ ಇಂದು ನಿಮ್ಮೊಡನೆ ಮಾತನಾಡುತ್ತೇನೆ. ಇವೆರಡಕ್ಕೂ ಏನು ಸಂಬಂಧ ಎಂದು ಕೇಳುತ್ತೀರಾ? ಸಂಬಂಧ ಇರುವುದು ಹುಳಿಯಲ್ಲಿ.

2014ರಲ್ಲಿ ನಾನು ಮಲೇಷಿಯಾದ ಕೌಲಾಲಂಪುರಕ್ಕೆ ಹೋಗಿದ್ದೆ. ಏಷ್ಯಾ-ಪೆಸಿಫಿಕ್ ಪ್ರಸಾರ ಅಭಿವೃದ್ಧಿ ಸಂಸ್ಥೆ ಇರುವುದು ಆ ಊರಿನಲ್ಲಿ. ಬೇರೆ ಬೇರೆ ದೇಶಗಳ ದೂರದರ್ಶನ ನಿರ್ಮಾಪಕರಿಗೆ ಅಲ್ಲಿ ತರಬೇತಿ ನಡೆಯುತ್ತದೆ. ಒಂದು ಸಂಜೆ ನಾವು ನಾಲ್ವರು ಊಟಕ್ಕೆ ಹೊರಟೆವು: ಸ್ಥಳೀಯ ಮಲಯ ಉಪನ್ಯಾಸಕರೊಬ್ಬರು, ಫಿಲಿಪ್ಪೀನ್ಸಿನ ಛಾಯಾಗ್ರಾಹಕರೊಬ್ಬರು, ಥಾಯ್ಲೆಂಡಿನ ನಿರ್ಮಾಪಕಿಯೊಬ್ಬರು ಮತ್ತು ನಾನು. ದೊಡ್ಡ ಹೋಟೆಲೇನೂ ಅಲ್ಲ. ಗೋಡೆಗೆ ತಿರುಗುವ ಫ್ಯಾನು, ಪ್ಲಾಸ್ಟಿಕ್ ಕುರ್ಚಿ, ಒರೆಸಿ ಒರೆಸಿ ಬಣ್ಣ ಹೋದ ಮೇಜು. ಉಪನ್ಯಾಸಕರು ನಮ್ಮನ್ನೇನೂ ಕೇಳದೆ ನಾಲ್ಕು ಬಟ್ಟಲು 'ಅಸಮ್ ಲಕ್ಸಾ' ತರಿಸಿದರು.

ಬಟ್ಟಲನ್ನು ಕಣ್ಣಿಗೆ ತಂದುಕೊಳ್ಳಿ. ತಳದಲ್ಲಿ ನಮ್ಮ ಒತ್ತು ಶಾವಿಗೆಯನ್ನು ಸ್ವಲ್ಪ ದಪ್ಪ ಮಾಡಿದಂಥ ಅಕ್ಕಿ ಶಾವಿಗೆ. ಮೇಲೆ ಮೀನನ್ನು ಬೇಯಿಸಿ ಹಿಸುಕಿ ಮಾಡಿದ ಕೆಂಗಂದು ಸಾರು. ಅದರ ಮೇಲೆ ಸೌತೆಕಾಯಿ, ಈರುಳ್ಳಿ, ಅನಾನಸಿನ ಚೂರು, ಪುದೀನ, ಶುಂಠಿಯ ಜಾತಿಗೆ ಸೇರಿದ ಒಂದು ಗಿಡದ ಹೂವಿನ ಮೊಗ್ಗನ್ನು ಸಣ್ಣಗೆ ಹೆಚ್ಚಿದ ಎಸಳು. ಪಕ್ಕದಲ್ಲಿ ಒಂದು ಚಮಚ ಕಪ್ಪು ಸಿಗಡಿ ಗೊಜ್ಜು. ಅನಾನಸು ಮೀನಿನೊಡನೆ ಏನು ಮಾಡುತ್ತಿದೆ ಎಂದು ಅನ್ನಿಸಿದ್ದು ನಿಜ. ಆದರೆ ಮೊದಲ ಗುಟುಕು ಗಂಟಲಿಗಿಳಿದಾಗ ದವಡೆಯ ಮೂಲೆ ಜುಮ್ಮೆಂದಿತು. ಶುಂಠಿ ಹೂವು ಹೊಸದು, ಸಿಗಡಿ ಗೊಜ್ಜು ಹೊಸದು. ಹುಳಿ ಮಾತ್ರ ಹೊಸದಲ್ಲ. ಮುಂಗಾರಿನಲ್ಲಿ ಕೆರೆ ಕೋಡಿ ಬಿದ್ದಾಗ ನಮ್ಮ ಕಡೆ ಮಾಡುವ ಮೀನಿನ ಸಾರಿನ ಹುಳಿ ಅದು.

"ಹುಣಸೆ!" ಎಂದೆ ನಾನು. "ಅಸಮ್ ಜಾವಾ" ಎಂದರು ಉಪನ್ಯಾಸಕರು. "ನಮ್ಮಲ್ಲಿ ಮಖಾಮ್" ಎಂದರು ಥಾಯ್ ಮಹಿಳೆ. ಅವರ ಹೆಸರಾಂತ ಪಾಡ್ ಥಾಯ್ ಎಂಬ ಶಾವಿಗೆಗೂ ಇದೇ ರಸ ಬೀಳಬೇಕಂತೆ. "ಸಂಪಾಲೋಕ್! ಇದಿಲ್ಲದೆ ನಮ್ಮ ಸಿನಿಗಾಂಗ್ ಆಗುವುದೇ ಇಲ್ಲ" ಎಂದರು ಫಿಲಿಪ್ಪೀನ್ಸಿನವರು. ಸಿನಿಗಾಂಗ್ ಎಂದರೆ ಅವರ ಮನೆ ಮನೆಯ ಹುಳಿಸಾರು. ಅಲ್ಲಿಂದ ಶುರುವಾಯಿತು ನೋಡಿ ವಾದ: ಈ ಹಣ್ಣು ಯಾರದು? ಸಾರು ಆರುತ್ತಿತ್ತು, ವಾದ ಆರಲಿಲ್ಲ. ಸಸ್ಯಶಾಸ್ತ್ರ ಓದಿದ್ದ ನಾನು "ಯಾರದ್ದೂ ಅಲ್ಲ, ಇದು ಆಫ್ರಿಕದ ಮರ" ಎಂದೆ. ಮೂವರಿಗೂ ಈ ಉತ್ತರ ಹಿಡಿಸಲಿಲ್ಲ. ನಿಮ್ಮ ಮನೆಯಲ್ಲಿ ಹೇಳಿ ನೋಡಿ, ನಿಮ್ಮ ಅಜ್ಜಿಗೂ ಹಿಡಿಸುವುದಿಲ್ಲ.

ಈ ಹೆಸರುಗಳ ಕಡೆ ಸ್ವಲ್ಪ ಗಮನ ಕೊಡಿ. ಮಲಯ ಭಾಷೆಯಲ್ಲಿ 'ಅಸಮ್' ಎಂದರೆ ಹುಳಿ. 'ಅಸಮ್ ಜಾವಾ' ಎಂದರೆ ಜಾವಾದ ಹುಳಿ. ಅಂದರೆ ಮಲಯದವರ ಪ್ರಕಾರ ಇದು ಸಮುದ್ರದಾಚೆಯ ಜಾವಾದಿಂದ ಬಂದದ್ದು. ಅರಬರು ಇದನ್ನು ಕರೆದದ್ದು 'ತಮ್ರ್ ಹಿಂದಿ' ಎಂದು, ಅಂದರೆ ಹಿಂದೂಸ್ಥಾನದ ಖರ್ಜೂರ. ಇಂಗ್ಲಿಷಿನ 'ಟ್ಯಾಮರಿಂಡ್' ಹುಟ್ಟಿದ್ದು ಅದರಿಂದಲೇ. ಸ್ವೀಡನ್ನಿನ ಲಿನ್ನೇಯಸ್ 1753ರಲ್ಲಿ ಇದಕ್ಕೆ 'ಟ್ಯಾಮರಿಂಡಸ್ ಇಂಡಿಕ' ಎಂದು ಶಾಸ್ತ್ರೀಯ ಹೆಸರಿಟ್ಟ. ಬಿಡಿಸಿ ಓದಿದರೆ 'ಭಾರತದ, ಭಾರತದ ಖರ್ಜೂರ'! ಎರಡೆರಡು ಸಲ ನಮ್ಮ ಹೆಸರು ಹೊತ್ತರೂ ಮರದ ತವರು ಉಷ್ಣವಲಯದ ಆಫ್ರಿಕದ ಒಣ ಹುಲ್ಲುಗಾಡು. ಸೆನೆಗಲ್ ದೇಶದ ರಾಜಧಾನಿ ಡಾಕಾರಿಗೆ ಆ ಹೆಸರು ಬಂದದ್ದು ಅಲ್ಲಿನ ವೊಲೊಫ್ ಭಾಷೆಯಲ್ಲಿ ಹುಣಸೆಗಿರುವ ಪದದಿಂದ ಎಂಬ ವಾದವೂ ಇದೆ. ನಮ್ಮಲ್ಲೇನು ಕಡಿಮೆ? ಬೆಂಗಳೂರಿನಿಂದ ದೇವನಹಳ್ಳಿಗೆ ಹೋಗುವ ದಾರಿಯಲ್ಲಿ ಹುಣಸಮಾರನಹಳ್ಳಿ ಸಿಗುವುದಿಲ್ಲವೆ!

ಹಾಗೆಂದು ಹುಣಸೆ ನಮಗೆ ನಿನ್ನೆ ಮೊನ್ನೆ ಬಂದ ನೆಂಟನಲ್ಲ. ಗಂಗಾ ಬಯಲಿನ ನರಹನ್ ಎಂಬ ಪ್ರಾಚೀನ ನೆಲೆಯ ಅಗೆತದಲ್ಲಿ ಹುಣಸೆ ಮರದ ಇದ್ದಿಲು ಸಿಕ್ಕಿದೆ. ಅದರ ಕಾಲ ಸುಮಾರು ಕ್ರಿ.ಪೂ. 1300. ಮೂರು ಸಾವಿರ ವರ್ಷಗಳಿಗೂ ಮೇಲಾಯಿತು. ಮುಂದೆ ಸ್ಪೇನ್, ಪೋರ್ಚುಗಲ್‌ಗಳ ಹಡಗುಗಳ ಕಾಲದಲ್ಲಿ ಅದು ಅಮೆರಿಕ ಖಂಡಕ್ಕೂ ದಾಟಿತು. ಇಂದು ಮೆಕ್ಸಿಕೋದ ಮಕ್ಕಳು ಹುಣಸೆಗೆ ಖಾರದ ಪುಡಿ ಹಾಕಿದ ಮಿಠಾಯಿ ಚೀಪುತ್ತಾರೆ. ಇಂಗ್ಲೆಂಡಿನ ವೂಸ್ಟರ್ ಪಟ್ಟಣದಲ್ಲಿ 1837ರಿಂದ ಮಾರಾಟಕ್ಕೆ ಬಂದ ಲೀ ಅಂಡ್ ಪೆರಿನ್ಸ್ ಸಾಸಿನಲ್ಲಿಯೂ ಹುಣಸೆ ಇದೆ. ಹುಣಸೆ ಅಮೆರಿಕಕ್ಕೆ ಹೋದರೆ ಅಲ್ಲಿಂದ ನಮಗೆ ಮೆಣಸಿನಕಾಯಿ ಬಂತು, ಟೊಮೇಟೊ ಬಂತು. ನಾಳೆ ಮಧ್ಯಾಹ್ನ ಸಾರನ್ನು ಅನ್ನಕ್ಕೆ ಕಲಸುವಾಗ ಲೆಕ್ಕ ಹಾಕಿ: ಹುಳಿ ಆಫ್ರಿಕದ್ದು, ಖಾರ ಅಮೆರಿಕದ್ದು, ತೊಗರಿಬೇಳೆ ಮಾತ್ರ ಅಪ್ಪಟ ನಮ್ಮ ನೆಲದ್ದು. ದೇವನಹಳ್ಳಿಗೆ ಹೆಸರು ತಂದ ಚಕ್ಕೋತದ ಮೂಲವೂ ಆಗ್ನೇಯ ಏಷ್ಯಾ. ನಾನು ಕೌಲಾಲಂಪುರದಲ್ಲಿ ಹುಣಸೆ ತಿಂದು ಬೆರಗಾದಂತೆ, ಅಲ್ಲಿಯವರು ಇಲ್ಲಿಗೆ ಬಂದರೆ ಚಕ್ಕೋತದ ತೊಳೆ ಬಿಡಿಸಿ ಬೆರಗಾಗಬೇಕು.

ಇನ್ನು ಸ್ವಲ್ಪ ವಿಜ್ಞಾನ. ಬಟ್ಟಲಿನ ಹುಳಿಗೆ ಕಾರಣ ಟಾರ್ಟಾರಿಕ್ ಆಮ್ಲ. ನಿಂಬೆಯಲ್ಲಿರುವುದು ಸಿಟ್ರಿಕ್ ಆಮ್ಲ, ಮೊಸರಿನಲ್ಲಿರುವುದು ಲ್ಯಾಕ್ಟಿಕ್ ಆಮ್ಲ. ಟಾರ್ಟಾರಿಕ್ ಆಮ್ಲ ಹೆಚ್ಚಾಗಿರುವ ಹಣ್ಣುಗಳು ಅಪರೂಪ; ದ್ರಾಕ್ಷಿ ಒಂದು, ಹುಣಸೆ ಇನ್ನೊಂದು. ಸಾಮಾನ್ಯವಾಗಿ ಹಣ್ಣು ಮಾಗಿದಂತೆ ಆಮ್ಲ ಇಳಿಯುತ್ತದೆ, ಸಕ್ಕರೆ ಏರುತ್ತದೆ. ಹುಣಸೆಯಲ್ಲಿ ಸಕ್ಕರೆ ಏರುತ್ತದೆ, ಆದರೆ ಆಮ್ಲ ಇಳಿಯುವುದಿಲ್ಲ. ಅದಕ್ಕೇ ಅದು ಸಿಹಿಯೂ ಹೌದು, ಹುಳಿಯೂ ಹೌದು. ಆಮ್ಲ ಬಿಟ್ಟುಕೊಡುವ ಹೈಡ್ರೋಜನ್ ಅಯಾನುಗಳನ್ನು ನಾಲಗೆ ಹೇಗೆ ಗುರುತಿಸುತ್ತದೆ ಎಂಬುದು ಬಹುಕಾಲ ಒಗಟಾಗಿತ್ತು. ರುಚಿಮೊಗ್ಗಿನ ಕೋಶಗಳಲ್ಲಿರುವ ಓಟಾಪ್-1 ಎಂಬ ಪ್ರೋಟೀನಿನ ದ್ವಾರದ ಮೂಲಕ ಎಂಬುದು 2019ರ ಹೊತ್ತಿಗೆ ಖಚಿತವಾಯಿತು.

ಮೀನಿಗೆ ಹುಳಿ ಏಕೆ ಹಾಕುತ್ತಾರೆ? ರುಚಿಗೆ ಎನ್ನುತ್ತೀರಿ, ಅಷ್ಟೇ ಅಲ್ಲ. ಕಡಲ ಮೀನು ಹಿಡಿದು ಹೊತ್ತಾದಂತೆ ಅದರಲ್ಲಿ ಟ್ರೈಮೀಥೈಲ್ ಅಮೀನ್ ಎಂಬ ವಸ್ತು ಹುಟ್ಟುತ್ತದೆ. ಮೂಗು ಮುಚ್ಚಿಕೊಳ್ಳುವಂತೆ ಮಾಡುವುದು ಇದೇ. ಇದು ಕ್ಷಾರ. ಹುಣಸೆಯ ಆಮ್ಲ ಸೇರಿದೊಡನೆ ಆವಿಯಾಗದ ಲವಣವಾಗಿ ಸಾರಿನಲ್ಲೇ ಉಳಿದುಬಿಡುತ್ತದೆ. ನಮ್ಮ ಕೆರೆ ಮೀನಿನ ಕಥೆ ಬೇರೆ. ಅದಕ್ಕೆ ಮಣ್ಣಿನ ವಾಸನೆ. ಆ ವಾಸನೆಗೆ ಮುಖ್ಯ ಕಾರಣ ಜಿಯೋಸ್ಮಿನ್, ಮೊದಲ ಮಳೆ ಬಿದ್ದ ನೆಲದಿಂದ ಏಳುವ ಘಮದಲ್ಲಿರುವ ಅದೇ ವಸ್ತು. ನೆಲದ ಮೇಲೆ ಹಿತ, ತಟ್ಟೆಯಲ್ಲಿ ಅಹಿತ! ಆಮ್ಲ ಇದನ್ನೂ ಒಡೆಯುತ್ತದೆ. ಪೆನಾಂಗಿನ ಕಡಲ ತೀರದ ಅಡುಗೆಯವರೂ ನಮ್ಮ ಕೆರೆ ಬಯಲಿನ ಹೆಂಗಸರೂ ರಸಾಯನಶಾಸ್ತ್ರದ ಪುಸ್ತಕ ತೆರೆಯದೆಯೇ ಒಂದೇ ಉಪಾಯಕ್ಕೆ ಬಂದಿದ್ದಾರೆ. ಬೇಳೆ ಬೆಂದ ಮೇಲೆಯೇ ಹುಳಿ ಹಾಕಬೇಕು ಎಂದು ನಿಮ್ಮ ತಾಯಿ ಹೇಳುವುದೂ ಹೀಗೆಯೇ. ಆಮ್ಲ ಮೊದಲೇ ಸೇರಿದರೆ ಬೇಳೆಯ ಕೋಶಗಳನ್ನು ಹಿಡಿದಿರುವ ಪೆಕ್ಟಿನ್ ಸುಲಭವಾಗಿ ಕರಗದು; ಒಲೆ ಉರಿಯುತ್ತಲೇ ಇರುತ್ತದೆ, ಬೇಳೆ ಮಾತ್ರ ಗಟ್ಟಿ. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಕಾಯಿಸಬೇಡ ಎಂಬ ಮಾತಿಗೂ, ಅದೇ ಹುಣಸೆಯಿಂದ ತಾಮ್ರದ ಚೊಂಬು ಬೆಳಗುವುದಕ್ಕೂ ಕಾರಣ ಒಂದೇ ಆಮ್ಲ.

ಭಾಷೆಯೂ ಇದನ್ನು ಬಲ್ಲದು. ಮಲಯದಲ್ಲಿ ರುಚಿಗೂ ಹಣ್ಣಿಗೂ 'ಅಸಮ್' ಒಂದೇ ಪದ. ತಮಿಳಿನಲ್ಲಿ ಎರಡಕ್ಕೂ 'ಪುಳಿ'. ನಾವು ಒಂದು ಹೆಜ್ಜೆ ಮುಂದೆ ಹೋಗಿ ಇಡೀ ವ್ಯಂಜನಕ್ಕೇ 'ಹುಳಿ' ಎಂದು ಹೆಸರಿಟ್ಟುಬಿಟ್ಟೆವು. ಇದನ್ನು ಹೇಳಿದಾಗ ಆ ಉಪನ್ಯಾಸಕರು ಜೋರಾಗಿ ನಕ್ಕು, ನನಗೆ ಇನ್ನೊಂದು ಬಟ್ಟಲು ತರಿಸಿದರು.

ಈಗ ನಲ್ಲೂರಿಗೆ ಬನ್ನಿ. ನಿಮ್ಮಲ್ಲಿ ಹಲವರು ಒಂದಲ್ಲ ಒಂದು ದಿನ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಹೊರದೇಶಕ್ಕೆ ಹಾರುವಿರಿ. ಅದೇ ತಾಲ್ಲೂಕಿನ ಈ ಊರಿನಲ್ಲಿ ಸುಮಾರು 54 ಎಕರೆಯ ಒಂದು ಹುಣಸೆ ತೋಪಿದೆ. ಮುನ್ನೂರರ ಹತ್ತಿರದಷ್ಟು ಮರಗಳು. 2002ರ ಜೀವವೈವಿಧ್ಯ ಕಾಯ್ದೆಯ ಅಡಿಯಲ್ಲಿ 2007ರಲ್ಲಿ ಇದನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ಇಡೀ ಭಾರತದಲ್ಲಿ ಆ ಗೌರವ ಪಡೆದ ಮೊದಲ ಜಾಗ ಇದೇ. ಪಶ್ಚಿಮ ಘಟ್ಟದ ಕಾಡಿಗಲ್ಲ, ಬಯಲುಸೀಮೆಯ ಹಳ್ಳಿಯೊಂದರ ತೋಪಿಗೆ! ಮರುವರ್ಷ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಆರಂಭವಾಯಿತು. ನಿಲ್ದಾಣ ಎಲ್ಲಿದೆ ಎಂದು ಕೇಳಿದರೆ ಯಾರಾದರೂ ಹೇಳುತ್ತಾರೆ. ತೋಪು ಎಲ್ಲಿದೆ ಎಂದು ಕೇಳಿ ನೋಡಿ.

ತೋಪು ಚೋಳರ ಕಾಲದ್ದೆಂದು ಊರಿನವರು ಹೇಳುತ್ತಾರೆ. ಹನ್ನೊಂದನೆಯ ಶತಮಾನದಲ್ಲಿ ಈ ಸೀಮೆ ಚೋಳರ ಆಳ್ವಿಕೆಯಲ್ಲಿ ಇದ್ದದ್ದು ಇತಿಹಾಸ. ಆದರೆ ಇಲ್ಲಿನ ಅತಿ ಹಳೆಯ ಮರಗಳಿಗೆ ವಿಜ್ಞಾನ ಕೊಟ್ಟಿರುವ ಅಂದಾಜು ನಾನೂರು ವರ್ಷಕ್ಕೂ ಸ್ವಲ್ಪ ಮೇಲೆ. ಹಾಗಾದರೆ ಊರಿನವರ ಮಾತು ಸುಳ್ಳೇ? ಅವಸರ ಬೇಡ. ಒಳಗೆ ಹೋಗಿ ನೋಡಿ. ಮುದಿ ಮರ ಒಳಗಿಂದ ಟೊಳ್ಳಾಗುತ್ತದೆ. ಎಣಿಸೋಣವೆಂದರೆ ನಡುವಿನ ಉಂಗುರಗಳೇ ಇರುವುದಿಲ್ಲ. ಒಂದು ದಿನ ನೆಲಕ್ಕೊರಗುತ್ತದೆ. ಸತ್ತಿತು ಎಂದುಕೊಂಡರೆ, ಒರಗಿದ ಕಾಂಡದ ಮೇಲಿಂದಲೇ ಚಿಗುರೊಡೆದು ಹೊಸ ಕಾಂಡ ನೇರವಾಗಿ ಏಳುತ್ತದೆ. ತಾಗಿದ ಕೊಂಬೆ ಮಣ್ಣಿನಲ್ಲಿ ಬೇರು ಬಿಡುತ್ತದೆ. ಮರದ ವಯಸ್ಸು ಬೇರೆ, ತೋಪಿನ ವಯಸ್ಸು ಬೇರೆ. ಈಗ ನಿಂತಿರುವ ಯಾವ ಮರಕ್ಕಿಂತಲೂ ತೋಪು ಹಳೆಯದಾಗಿರಲು ಸಾಧ್ಯವಿದೆ. ನನ್ನ ಮಟ್ಟಿಗೆ ನಲ್ಲೂರಿನ ನಿಜವಾದ ಸೋಜಿಗ ಇದು. ಚೋಳರೋ ಅಲ್ಲವೋ ಎಂಬುದು ಆಮೇಲಿನ ಮಾತು.

ಹಳೆಯದೆಂಬ ಕಾರಣಕ್ಕೆ ಮಾತ್ರ ಈ ತೋಪಿಗೆ ಬೆಲೆಯಲ್ಲ. ಬೀಜದಿಂದ ಬೆಳೆದ ಹುಣಸೆ ಮರಗಳು ಒಂದರಂತೆ ಒಂದಿರುವುದಿಲ್ಲ. ಒಂದರ ಕಾಯಿ ಕುಡುಗೋಲಿನಂತೆ, ಪಕ್ಕದ್ದು ನೆಟ್ಟಗೆ. ಒಂದರ ತಿರುಳು ನಾಲಗೆ ಕೀಳುವಷ್ಟು ಹುಳಿ, ಇನ್ನೊಂದರದು ಬಾಯಿಗಿಟ್ಟರೆ ಸಿಹಿ. ಥಾಯ್ಲೆಂಡಿನಲ್ಲಿ ಹಣ್ಣಿನಂತೆ ಸುಲಿದು ತಿನ್ನುವ ಸಿಹಿ ಹುಣಸೆಯ ತೋಟಗಳೇ ಇವೆ. ಅಂಥ ತಳಿಗಳೆಲ್ಲ ಯಾವಾಗಲೋ ಯಾರೋ ಒಂದು ಮರದ ಗುಣವನ್ನು ಗುರುತಿಸಿ, ಅದರ ಕಸಿ ಕಟ್ಟಿದ್ದರಿಂದ ಉಳಿದವು. ಕಸಿ ಗಿಡ ಬೇಗ ಫಲ ಕೊಡುತ್ತದೆ, ರೈತನಿಗೆ ಲಾಭ. ಆದರೆ ಒಂದೇ ತಾಯಿಮರದಿಂದ ಕಸಿ ಕಟ್ಟಿದ ತೋಟದಲ್ಲಿ ಸಾವಿರ ಗಿಡವಿದ್ದರೂ ಗುಣದಲ್ಲಿ ಅದು ಒಂದೇ ಮರ. ಮುಂದೆ ಬರವೋ ರೋಗವೋ ಬಂದಾಗ ಬೇರೆ ಗುಣದ ಮರ ಬೇಕಾದರೆ ಹುಡುಕಬೇಕಾದದ್ದು ಇಂಥ ಹಳೆಯ ತೋಪುಗಳಲ್ಲಿ. ರಸ್ತೆ ಅಗಲವಾಗುವಾಗ ಸಾಲುಮರದ ಹುಣಸೆಗಳು ಉರುಳುವುದನ್ನು ನೀವೂ ಕಂಡಿದ್ದೀರಿ. ಬದಲಿಗೆ ಹುಣಸೆ ಬೀಜ ಊರುವವರು ಕಡಿಮೆ, ಏಕೆಂದರೆ ಬೀಜದ ಮರ ಕಾಯಿ ಬಿಡಲು ಏಳೆಂಟು ವರ್ಷವಾದರೂ ಬೇಕು, ತುಂಬು ಫಸಲಿಗೆ ಇನ್ನೂ ಹೆಚ್ಚು. ಹುಣಸೆಯಲ್ಲಿ ದೆವ್ವ ಇರುತ್ತದೆ ಎಂಬ ಮಾತು ಬೇರೆ. ರಾತ್ರಿ ಅದರ ಎಲೆ ಮಡಿಚಿಕೊಳ್ಳುವುದು ನಿಜ, ಮಿಕ್ಕದ್ದು ನಮ್ಮ ಕಲ್ಪನೆ. ವಿಚಿತ್ರವೆಂದರೆ ನಲ್ಲೂರಿನ ಮರಗಳನ್ನು ಇಷ್ಟು ಕಾಲ ಕಾಯ್ದದ್ದೂ ಊರಿನವರ ಭಯಭಕ್ತಿಯೇ. ವಿಜ್ಞಾನದ ವಿದ್ಯಾರ್ಥಿಯಾಗಿ ಭಯವನ್ನು ನಾನು ಒಪ್ಪಲಾರೆ. ಆದರೆ ಅದು ಹೋದಮೇಲೆ ಆ ಜಾಗದಲ್ಲಿ ಏನನ್ನು ಇಡುತ್ತೀರಿ ಎಂಬ ಪ್ರಶ್ನೆ ನಿಮ್ಮ ಪೀಳಿಗೆಗೆ ಉಳಿದಿದೆ. ಎಕರೆಯ ಬೆಲೆಯನ್ನು ಕೋಟಿಗಳಲ್ಲಿ ಎಣಿಸುವ ಸೀಮೆಯಲ್ಲಿ ಒಂದು ಘೋಷಣೆಯ ಫಲಕ ಎಷ್ಟು ದಿನ ಕಾವಲು ನಿಂತೀತು?

ಹೋಗುವುದಾದರೆ ಎರಡು ಸಲ ಹೋಗಿ. ಒಮ್ಮೆ ಫೆಬ್ರವರಿ-ಮಾರ್ಚಿನಲ್ಲಿ, ಕಾಯಿ ಹಣ್ಣಾದಾಗ. ಇನ್ನೊಮ್ಮೆ ಮುಂಗಾರು ಹಿಡಿಯುವ ಹೊತ್ತಿಗೆ, ಹಳದಿಗೆ ಕೆಂಪು ಗೆರೆ ಎಳೆದಂಥ ಪುಟ್ಟ ಹೂವು ನೋಡಲು. ಮೊದಲ ಸಲ ಊರಿನವರನ್ನು ಕೇಳಿ, ನೆಲಕ್ಕೆ ಬಿದ್ದ ಹಣ್ಣುಗಳಲ್ಲಿ ಅಕ್ಕಪಕ್ಕದ ಎರಡು ಮರಗಳದನ್ನು ಬೇರೆ ಬೇರೆ ಕಾಗದದಲ್ಲಿ ಕಟ್ಟಿಕೊಂಡು ಬನ್ನಿ. ನಿಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಸಮತೂಕದ ತಿರುಳನ್ನು ಸಮ ಅಳತೆಯ ನೀರಿನಲ್ಲಿ ಕಿವುಚಿ, ಸೋಸಿ, ಫಿನಾಲ್ಫ್‌ಥಲೀನ್ ಎರಡು ಹನಿ ಹಾಕಿ, ಬ್ಯುರೆಟ್‌ನಿಂದ ಸೋಡಿಯಂ ಹೈಡ್ರಾಕ್ಸೈಡ್ ಬಿಡಿ. ರಸದ ಕಂದು ಬಣ್ಣದಲ್ಲಿ ಗುಲಾಬಿ ಕಾಣುವುದು ಕಷ್ಟ, ಆದ್ದರಿಂದ ಚೆನ್ನಾಗಿ ತೆಳು ಮಾಡಿಕೊಳ್ಳಿ. ಎರಡು ಮರಗಳಿಗೂ ಬ್ಯುರೆಟ್ ತೋರಿಸುವ ಅಂಕಿಗಳನ್ನು ಬರೆದಿಟ್ಟು, ಮರುವರ್ಷ ಅದೇ ಮರಗಳ ಹಣ್ಣು ತಂದು ಮತ್ತೆ ನೋಡಿ.