ಹಣ ಹೋಗಿದೆ, ಆದರೆ ಬಂದಿಲ್ಲ

(ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾನು ಎಸ್.ಎಸ್.ಎಲ್.ಸಿ. ಓದಿದ ರೈತ, ಭಾಷಣಗಾರನಲ್ಲ. ಸಂಘ ಬೆಳೆದು ಬಂದ ದಾರಿಯನ್ನು ಕಾರ್ಯದರ್ಶಿಗಳು ಹೇಳಿದ್ದಾರೆ. ನಾನು ಪಿಂಚಣಿ ವಿಷಯ ಒಂದನ್ನೇ ಹೇಳ್ತೀನಿ.

ಬೆಳಗ್ಗೆ ಒಂದೂವರೆ ಲೀಟರ್ ಹಾಲು ತರುವ ಅಜ್ಜಿಯೊಬ್ಬರಿದ್ದಾರೆ. ಹೆಸರು ಬೇಡ, ಇಲ್ಲೇ ಕೂತಿದ್ದಾರೆ. 65 ತುಂಬಿದ ಸಣ್ಣ ರೈತರು, ಕೂಲಿಕಾರರಿಗೆಂದು ಸರ್ಕಾರ 2007ರಲ್ಲಿ ಶುರು ಮಾಡಿದ ಸಂಧ್ಯಾ ಸುರಕ್ಷಾ ಹಣ ಅವರಿಗೆ ಬರುತ್ತಿತ್ತು, ತಿಂಗಳಿಗೆ 1200 ರೂಪಾಯಿ. ಹಸುವಿಗೆ ಬೂಸಾ, ಅವರಿಗೆ ಬಿ.ಪಿ. ಮಾತ್ರೆ ಎರಡೂ ಅದರಲ್ಲೇ. ಅದು ಐದು ತಿಂಗಳು ನಿಂತುಹೋಯಿತು.

ಕಚೇರಿಗೆ ಕರಕೊಂಡು ಹೋದೆ. ಕಂಪ್ಯೂಟರ್ ನೋಡಿ "ಹಣ ಹೋಗಿದೆ" ಅಂದರು. ಬ್ಯಾಂಕಿನಲ್ಲಿ "ಬಂದಿಲ್ಲ" ಅಂದರು. ಮತ್ತೆ ಕಚೇರಿಗೆ ಹೋದರೆ ಸರ್ವರ್ ಇಲ್ಲ. ಹೀಗೆ ಏಳು ಸಲ. ಕೊನೆಗೆ ಅಜ್ಜಿ ನನ್ನನ್ನೇ ಕೇಳಿದರು, "ನಿನ್ನ ಖಾತೆಗೇನಾದ್ರೂ ಹಾಕಿಸ್ಕೊಂಡ್ಯೇನಪ್ಪಾ?" ಅಂತ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎಂಟನೇ ಸಲ ಒಬ್ಬ ಹುಡುಗ ಗುಮಾಸ್ತ ಕೇಳಿದ, "ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ?" ಅಜ್ಜಿ ಬಳೆ ಅಡವಿಡಲು ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆಗೆಸಿ ಅಲ್ಲಿ ಆಧಾರ್ ಕೊಟ್ಟಿದ್ದರು. 6000 ರೂಪಾಯಿ ಅಲ್ಲಿ ಕೂತಿತ್ತು! ಕಚೇರಿಯವರೂ ಸುಳ್ಳು ಹೇಳಿರಲಿಲ್ಲ, ಬ್ಯಾಂಕಿನವರೂ ಹೇಳಿರಲಿಲ್ಲ. ಯಾವ ಬ್ಯಾಂಕಿಗೆ ಹೋಗಿದೆ ಅಂತ ಮಾತ್ರ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆಧಾರ್ ಮೂಲಕ ಬರುವ ಹಣ, ಆಧಾರ್ ಕೊನೆಯದಾಗಿ ಜೋಡಣೆಯಾದ ಖಾತೆಗೇ ಹೋಗುತ್ತದೆ. ಮನೆಯಲ್ಲಿರುವ ಪಾಸ್‌ಬುಕ್ ನೋಡಿ ಪ್ರಯೋಜನವಿಲ್ಲ. ಗೃಹಲಕ್ಷ್ಮಿಯ 2000 ರೂಪಾಯಿಗೂ ಇದೇ ಮಾತು.

ಇನ್ನೊಂದು ತೊಡಕು ನಮ್ಮ ಸೀಮೆಯದ್ದು. 2008ರಲ್ಲಿ ದೇವನಹಳ್ಳಿ ಹತ್ರ ವಿಮಾನ ನಿಲ್ದಾಣ ಆದ ಮೇಲೆ ಯಲಹಂಕದ ಕಡೆಯವರೆಲ್ಲ ಕೋಟ್ಯಧಿಪತಿಗಳು ಅಂತ ಹೊರಗಿನವರ ಲೆಕ್ಕ. ಆದಾಯ ಪ್ರಮಾಣ ಪತ್ರ ಕೇಳಿದರೆ ಮುಖ ನೋಡಿ ನಗ್ತಾರೆ. ನಕ್ಕರೆ ನಗಲಿ. ಬಾಯಿಮಾತಲ್ಲಿ ಕೇಳಿ ವಾಪಸ್ ಬರಬೇಡಿ, ಅರ್ಜಿ ಕೊಟ್ಟು ಸಕಾಲದ ಸ್ವೀಕೃತಿ ಈಸ್ಕೊಳ್ಳಿ. 2011ರ ಆ ಕಾಯಿದೆ ಪ್ರಕಾರ ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500, ಪರಿಹಾರ ಕೇಳಬಹುದು.

ಆಡಳಿತ ಮಂಡಳಿಗೆ ನನ್ನದೊಂದು ಅರಿಕೆ. ತಿಂಗಳಿಗೊಂದು ಶನಿವಾರ ಬೆಳಗಿನ ಹಾಲು ಮುಗಿದ ಮೇಲೆ ಸಂಘದಲ್ಲಿ ಒಂದು ಮೇಜು ಹಾಕೋಣ. ಕಾಲೇಜಿಗೆ ಹೋಗುವ ನಮ್ಮ ಮಕ್ಕಳಿಬ್ಬರು ಕೂತು ವಯಸ್ಸಾದವರ ಆಧಾರ್ ಜೋಡಣೆ, ಹೆಸರಿನ ಅಕ್ಷರ ನೋಡಿಕೊಡಲಿ. ಮೊದಲ ಶನಿವಾರ ನಾನೇ ಬರ್ತೀನಿ. ಅಜ್ಜಿಯೂ ಬರ್ತೀನಿ ಅಂದಿದ್ದಾರೆ, ನನ್ನ ಮೇಲೆ ಕಣ್ಣಿಡೋದಕ್ಕೆ.