ಟೊಲೀಡೊದ ಆಟ, ಅಜ್ಜನ ಪ್ರಶ್ನೆಗಳು

 

"ಕನ್ನಡ ಕಲಿತದ್ದರಿಂದ ನನಗೆ ಏನು ಸಿಕ್ಕಿತು" ಎಂಬ ವಿಷಯದ ಮೇಲೆ ಮಾತಾಡು ಎಂದು ನಮ್ಮ ಮಿಸ್ ಹೇಳಿದ್ದಾರೆ. ನಾನು ಒಂದು ಬೇಸ್‌ಬಾಲ್ ಆಟದ ಬಗ್ಗೆ ಮಾತಾಡುತ್ತೇನೆ. ವಿಷಯ ಬಿಟ್ಟು ಹೋಗುವುದಿಲ್ಲ ಮಿಸ್, ಸ್ವಲ್ಪ ತಾಳ್ಮೆಯಿಂದ ಕೇಳಿ.

2025ರ ಬೇಸಿಗೆ ರಜೆಯಲ್ಲಿ ಸಾಗರದಿಂದ ನನ್ನ ಅಜ್ಜ ಬಂದಿದ್ದರು. ಊರಿನಿಂದ ಹಿರಿಯರು ಬಂದರೆ ನಾವೆಲ್ಲ ಎಲ್ಲಿಗೆ ಕರೆದುಕೊಂಡು ಹೋಗುತ್ತೇವೆ ಎಂದು ಇಲ್ಲಿ ಯಾರನ್ನು ಕೇಳಿದರೂ ಗೊತ್ತು: ನಯಾಗರಾ. ಷಿಕಾಗೋದಿಂದ ಕಾರಿನಲ್ಲಿ ಹೊರಟೆವು. ಡಿಕ್ಕಿಯಲ್ಲಿ ಪುಳಿಯೋಗರೆ, ಮೊಸರನ್ನ, ಎರಡು ಡಬ್ಬ ಚಕ್ಕುಲಿ. ಇಂಡಿಯಾನಾ ದಾಟುವಷ್ಟರಲ್ಲಿ ಅಜ್ಜ ನಯಾಗರಾದ ಎತ್ತರ ಎಷ್ಟು ಎಂದು ಫೋನಿನಲ್ಲಿ ನೋಡಿಸಿ, ನಮ್ಮ ಜೋಗವೇ ಎತ್ತರ ಎಂದು ತೀರ್ಪು ಕೊಟ್ಟು ಆಗಿತ್ತು. ಅವರಿಗೆ ಒಂದೇ ದಿನ ಅಷ್ಟು ದೂರ ಕೂತು ಹೋಗುವುದು ಕಷ್ಟ. ಅದಕ್ಕೆ ಓಹಾಯೋದ ಟೊಲೀಡೊದಲ್ಲಿ ರಾತ್ರಿ ಉಳಿದೆವು. ಆ ಸಂಜೆ ಅಲ್ಲಿಯ ಫಿಫ್ತ್ ಥರ್ಡ್ ಫೀಲ್ಡ್‌ನಲ್ಲಿ ಆಟ ಇತ್ತು. ಅಪ್ಪನಿಗೆ ಕಾರು ಓಡಿಸಿ ಸುಸ್ತು. ಅಮ್ಮನಿಗೆ ಬೇಸ್‌ಬಾಲ್ ಅಂದರೆ ನಿದ್ದೆ. ನಾನು ಮತ್ತು ಅಜ್ಜ ಇಬ್ಬರೇ ಹೋದೆವು.

ಈ ಮೈದಾನ 2002ರಲ್ಲಿ ಊರಿನ ಮಧ್ಯದಲ್ಲೇ ಕಟ್ಟಿದ್ದು. ಸುಮಾರು ಹತ್ತು ಸಾವಿರ ಜನ ಕೂರಬಹುದು. ತಂಡದ ಹೆಸರು ಟೊಲೀಡೊ ಮಡ್ ಹೆನ್ಸ್, ಅಂದರೆ ಕೆಸರು ಕೋಳಿಗಳು! 1896ರಲ್ಲಿ ತಂಡ ಆಡುತ್ತಿದ್ದ ಮೈದಾನದ ಪಕ್ಕ ಜೌಗು ಇತ್ತಂತೆ, ಅದರಲ್ಲಿ ಈ ನೀರುಹಕ್ಕಿಗಳು ತುಂಬ ಇದ್ದವಂತೆ. ಹುಲಿ, ಸಿಂಹ ಎಂದೆಲ್ಲ ತಂಡಕ್ಕೆ ಹೆಸರಿಡುವ ದೇಶದಲ್ಲಿ ಕೆಸರು ಕೋಳಿ ಎಂದು ಇಟ್ಟುಕೊಂಡವರನ್ನು ಕಂಡು ಅಜ್ಜನಿಗೆ ಬಹಳ ಖುಷಿಯಾಯಿತು.

ಮೈನರ್ ಲೀಗ್ ಅಂದರೆ ಏನು ಎಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮೇಜರ್ ಲೀಗ್‌ನಲ್ಲಿ 30 ತಂಡಗಳಿವೆ. ಒಂದೊಂದಕ್ಕೂ ಕೆಳಗೆ ನಾಲ್ಕು ಮೆಟ್ಟಿಲಿನಂತೆ ನಾಲ್ಕು ತಂಡ, ಒಟ್ಟು 120. ಮಡ್ ಹೆನ್ಸ್ ಎಲ್ಲಕ್ಕಿಂತ ಮೇಲಿನ ಮೆಟ್ಟಿಲಾದ ಟ್ರಿಪಲ್ ಎ ತಂಡ, ಡೆಟ್ರಾಯಿಟ್ ಟೈಗರ್ಸ್‌ಗೆ ಸೇರಿದ್ದು. ಡೆಟ್ರಾಯಿಟ್ ಅಲ್ಲಿಂದ ಕಾರಿನಲ್ಲಿ ಒಂದೇ ಗಂಟೆ. ಆದರೆ ಆ ಒಂದು ಗಂಟೆಯ ದಾರಿ ಹೋಗಲು ಕೆಲವರಿಗೆ ಆರೇಳು ವರ್ಷ ಬೇಕಾಗುತ್ತದೆ, ಎಷ್ಟೋ ಜನ ಹೋಗುವುದೇ ಇಲ್ಲ. 2023ರ ಒಪ್ಪಂದದ ಪ್ರಕಾರ ಟ್ರಿಪಲ್ ಎ ಆಟಗಾರನಿಗೆ ವರ್ಷಕ್ಕೆ ಕನಿಷ್ಠ 35,800 ಡಾಲರ್. ಅದೇ ವರ್ಷ ಮೇಜರ್ ಲೀಗ್‌ನಲ್ಲಿ ಕನಿಷ್ಠ ಸಂಬಳ 7,20,000 ಡಾಲರ್.

ಅಜ್ಜ ಕ್ರಿಕೆಟ್ ಚೆನ್ನಾಗಿ ಬಲ್ಲವರು, ಬೇಸ್‌ಬಾಲ್ ಒಂದು ಚೂರೂ ಗೊತ್ತಿಲ್ಲ. ಇಂಗ್ಲಿಷ್‌ನಲ್ಲಿ ಹೇಳಿದರೆ ಅವರಿಗೆ ತಿಳಿಯುವುದಿಲ್ಲ. ಹಾಗಾಗಿ ಮೂರು ಗಂಟೆ ನಾನು ಕನ್ನಡದಲ್ಲೇ ಬೇಸ್‌ಬಾಲ್ ಪಾಠ ಮಾಡಬೇಕಾಯಿತು. ಇಲ್ಲಿ ಒಂಬತ್ತು ವರ್ಷ ನಾನು ಬರೆದ ಯಾವ ಪರೀಕ್ಷೆಯೂ ಅಷ್ಟು ಕಷ್ಟ ಇರಲಿಲ್ಲ.

"ಹೊಡೆದಾದ ಮೇಲೆ ಬ್ಯಾಟ್ ಎಂತಕ್ಕೆ ಬಿಸಾಕ್ತಾನೆ ಮಾರಾಯ?"

"ಓಡೋಕೆ ಭಾರ ಆಗತ್ತೆ ಅಜ್ಜ. ಇಲ್ಲಿ ಬ್ಯಾಟ್ ನೆಲಕ್ಕೆ ಮುಟ್ಟಿಸ್ಬೇಕಾಗಿಲ್ಲ."

"ಇವನು ಹೊಡೀಲೇ ಇಲ್ಲ, ಮತ್ತೆ ಆರಾಮಾಗಿ ನಡ್ಕೊಂಡು ಹೋಗ್ತಾ ಇದ್ದಾನಲ್ಲ?"

"ನಾಲ್ಕು ಸಲ ಚೆಂಡು ಸರಿಯಾದ ಜಾಗಕ್ಕೆ ಬೀಳ್ಲಿಲ್ಲ. ಅದಕ್ಕೆ ಪುಕ್ಕಟೆ."

ಒಬ್ಬ ಆಟಗಾರ ಬೇಸ್ ಕದ್ದ ಎಂದು ನಾನು ಹೇಳಿದಾಗ, "ಕದ್ದವನಿಗೆ ಚಪ್ಪಾಳೆಯಾ?" ಎಂದು ಕೇಳಿದರು. ಅಂಪೈರ್ ತೀರ್ಪು ಒಪ್ಪದೆ ಬ್ಯಾಟರ್ ತನ್ನ ಹೆಲ್ಮೆಟ್ ತಟ್ಟಿದ. ಚೆಂಡು ಎಲ್ಲಿ ಹೋಯಿತು ಎಂದು ದೊಡ್ಡ ಪರದೆಯಲ್ಲಿ ತೋರಿಸಿದರು. ಅಜ್ಜ ಎದ್ದು ನಿಂತು "ಡಿಆರ್‌ಎಸ್!" ಎಂದು ಕೂಗಿದರು. ಪಕ್ಕದಲ್ಲಿ ಕೂತಿದ್ದವರು ಅದೇನು ಎಂದು ನನ್ನನ್ನು ಕೇಳಿದರು. ಅವರಿಗೆ ಇಂಗ್ಲಿಷ್‌ನಲ್ಲಿ ಕ್ರಿಕೆಟ್ ಪಾಠ ಶುರುವಾಯಿತು.

ಆರನೇ ಇನ್ನಿಂಗ್ಸ್‌ನಲ್ಲಿ ಮಡ್ ಹೆನ್ಸ್‌ನ ಒಬ್ಬ ಆಟಗಾರ ಚೆಂಡನ್ನು ಎತ್ತರಕ್ಕೆ, ದೂರಕ್ಕೆ ಹೊಡೆದ. ಅದು ಕ್ಯಾಚ್ ಆಯಿತು, ಅವನು ಔಟ್. ಆದರೆ ಮೂರನೇ ಬೇಸ್‌ನಲ್ಲಿದ್ದವನು ಆ ಹೊತ್ತಿಗೆ ಮನೆ ಸೇರಿದ, ಒಂದು ರನ್ ಬಂತು. ಇದಕ್ಕೆ ಸ್ಯಾಕ್ರಿಫೈಸ್ ಫ್ಲೈ ಎನ್ನುತ್ತಾರೆ. ನಾನು ಪದ ಹುಡುಕಿ, "ತನ್ನನ್ನು ಬಲಿ ಕೊಟ್ಟ ಅಜ್ಜ" ಎಂದೆ.

"ಬಲಿ ಅಂದ್ರೆ ಕುರಿ ಕೋಳಿಗೆ ಹೇಳೋದು. ಇದಕ್ಕೆ ತ್ಯಾಗ ಅನ್ನು" ಎಂದು ತಿದ್ದಿದರು. ಸ್ವಲ್ಪ ಹೊತ್ತು ಬಿಟ್ಟು, "ಅವನ ಲೆಕ್ಕದಲ್ಲಿ ಇದನ್ನು ಹೇಗೆ ಬರೀತಾರೆ?" ಎಂದು ಕೇಳಿದರು.

ನಮ್ಮ ಅಜ್ಜ ಮೂವತ್ತೆಂಟು ವರ್ಷ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆದವರು. ಲೆಕ್ಕದ ವಿಷಯದಲ್ಲಿ ಅವರಿಗೆ ಅಂದಾಜಿನ ಉತ್ತರ ಆಗುವುದಿಲ್ಲ. ನಾನು ವಿವರಿಸಿದೆ: ಇಂಥ ಔಟನ್ನು ಅವನ ಸರಾಸರಿಗೆ ಸೇರಿಸುವುದಿಲ್ಲ. ಅವನ ಸರಾಸರಿ ಕಮ್ಮಿ ಆಗುವುದಿಲ್ಲ, ರನ್ ತಂದುಕೊಟ್ಟ ಎಂದು ಬೇರೆ ಬರೆಯುತ್ತಾರೆ.

"ಒಳ್ಳೆ ಪದ್ಧತಿ" ಎಂದರು. ಆಮೇಲೆ ಅವರೇ ಮಾತಾಡಲು ಶುರು ಮಾಡಿದರು.

ಅಜ್ಜ ಶಿವಮೊಗ್ಗದಲ್ಲಿ ಕಾಲೇಜು ಓದುವಾಗ ಕಾಲೇಜು ತಂಡದ ಓಪನಿಂಗ್ ಬೌಲರ್. ಮೈಸೂರಿನಲ್ಲಿ ವಿಶ್ವವಿದ್ಯಾಲಯ ತಂಡದ ಆಯ್ಕೆಗೆ ಅವರಿಗೆ ಕರೆ ಬಂದಿತ್ತು. ಅದೇ ತಿಂಗಳು ಅವರ ತಂದೆಗೆ ಲಕ್ವ ಹೊಡೆಯಿತು. ಮನೆಯಲ್ಲಿ ಇಬ್ಬರು ತಂಗಿಯರು, ಒಬ್ಬ ತಮ್ಮ, ಎಲ್ಲರೂ ಓದುತ್ತಿದ್ದರು. ಅಜ್ಜ ಕಾಲೇಜು ಬಿಟ್ಟು ಮಂಡಿ ಸೇರಿದರು. ಆ ತಮ್ಮ ಮುಂದೆ ಎಂಜಿನಿಯರ್ ಆದರು. ನಮ್ಮ ಅಪ್ಪ ಓದಿದ್ದು ಬೆಂಗಳೂರಿನಲ್ಲಿ ಆ ಚಿಕ್ಕಪ್ಪನ ಮನೆಯಲ್ಲಿದ್ದುಕೊಂಡು. ಅಂದರೆ ನಾನು ಈ ದೇಶದಲ್ಲಿ ಹುಟ್ಟಿದ್ದಕ್ಕೂ ಆ ಮೈಸೂರಿನ ಕರೆಗೂ ಸಂಬಂಧ ಇದೆ.

"ಬೇಜಾರಾಗ್ಲಿಲ್ವಾ ಅಜ್ಜ?" ಎಂದು ಕೇಳಿದೆ.

"ಆಯ್ತು. ಎರಡು ವರ್ಷ ಮೈದಾನದ ಕಡೆ ಹೋಗ್ಲಿಲ್ಲ" ಎಂದರು. ಆಮೇಲೆ ಫಸ್ಟ್ ಬೇಸ್‌ನಲ್ಲಿ ನಿಂತಿದ್ದ ಆಟಗಾರನನ್ನು ತೋರಿಸಿ, "ಅವನಿಗೆ ಮೂವತ್ತಾದರೂ ಆಗಿರ್ಬೇಕು, ಅಲ್ವಾ? ಇನ್ನೂ ಬರ್ತಾ ಇದ್ದಾನೆ ನೋಡು" ಎಂದರು.

ಈ ಕಥೆ ನನ್ನ ಅಪ್ಪನಿಗೂ ಗೊತ್ತಿರಲಿಲ್ಲ. ಹೋಟೆಲಿಗೆ ಹೋಗಿ ನಾನು ಹೇಳಿದಾಗ ಅವರು ಬಹಳ ಹೊತ್ತು ಏನೂ ಮಾತಾಡಲಿಲ್ಲ. ವಾರಕ್ಕೊಮ್ಮೆ ವಿಡಿಯೋ ಕಾಲ್‌ನಲ್ಲಿ "ಊಟ ಆಯ್ತಾ, ಮಳೆ ಬಂತಾ" ಎಂದು ಕೇಳುವಷ್ಟು ಕನ್ನಡ ಸಾಕು ಎಂದು ಎಷ್ಟೋ ಜನ ಹೇಳುತ್ತಾರೆ. ಆ ಸಂಜೆಗೆ ಅಷ್ಟು ಸಾಲುತ್ತಿರಲಿಲ್ಲ. ಬಲಿಗೂ ತ್ಯಾಗಕ್ಕೂ ಇರುವ ವ್ಯತ್ಯಾಸದವರೆಗೆ ಹೋಗಬೇಕಾಯಿತು, ಅಲ್ಲಿ ಅಜ್ಜನ ಮಾತು ಸಿಕ್ಕಿತು. ಮಿಸ್, ನೀವು ಕೊಟ್ಟ ವಿಷಯಕ್ಕೆ ಇದು ನನ್ನ ಉತ್ತರ.

ಇನ್ನೊಂದೇ ವಿಷಯ ಹೇಳಿ ಮುಗಿಸುತ್ತೇನೆ. ಟೊಲೀಡೊದಂಥ ಹಳೆಯ ಬೇಸ್‌ಬಾಲ್ ಊರಿನಲ್ಲಿ ಸುಮಾರು ಹತ್ತು ವರ್ಷ ತಂಡವೇ ಇರಲಿಲ್ಲ. 1950ರ ದಶಕದ ನಡುವಿನಲ್ಲಿ ಮಾಲೀಕರು ತಂಡವನ್ನು ಬೇರೆ ಊರಿಗೆ ಒಯ್ದರು. ನೆಡ್ ಸ್ಕೆಲ್ಡನ್ ಎಂಬ ಕೌಂಟಿ ಕಮಿಷನರ್ ಮುಂದೆ ನಿಂತು 1965ರಲ್ಲಿ ಬೇಸ್‌ಬಾಲ್ ವಾಪಸ್ ತಂದರು. ಹೊಸ ಮೈದಾನಕ್ಕೆ ದುಡ್ಡು ಸಾಲದೆ ಒಂದು ಹಳೆಯ ರೇಸ್ ಟ್ರ್ಯಾಕನ್ನೇ ಮೈದಾನ ಮಾಡಿಕೊಂಡರು. ಈ ಸಲ ತಂಡವನ್ನು ಯಾರೋ ಒಬ್ಬ ಶ್ರೀಮಂತರ ಕೈಗೆ ಕೊಡಲಿಲ್ಲ. ಲಾಭಕ್ಕಲ್ಲದ ಸಂಸ್ಥೆಯಾಗಿ ಇವತ್ತಿಗೂ ಅದು ಕೌಂಟಿಯ ಜನರದ್ದೇ.

ನಮ್ಮ ಶಾಲೆಯೂ ಹಾಗೇ ನಡೆಯುತ್ತಿದೆ. ಸಂಬಳ ತೆಗೆದುಕೊಳ್ಳುವವರು ಇಲ್ಲಿ ಯಾರೂ ಇಲ್ಲ. ಪ್ರತಿ ಭಾನುವಾರ ಹತ್ತು ಗಂಟೆಗೆ ಯಾರೋ ಕುರ್ಚಿ ಹಾಕುತ್ತಾರೆ, ಯಾರೋ ಹಾಳೆಗಳನ್ನು ಪ್ರಿಂಟ್ ಮಾಡಿ ತರುತ್ತಾರೆ, ಹಿಮ ಬಿದ್ದ ದಿನ ಯಾರೋ ಬೇಗ ಬಂದು ಬಾಗಿಲ ಮುಂದೆ ಹಿಮ ಎತ್ತುತ್ತಾರೆ. ನಾಲ್ಕನೇ ತರಗತಿಯಿಂದ ನಮಗೆ ಒತ್ತಕ್ಷರ ಕಲಿಸಿದ ಇಬ್ಬರು ಗುರುಗಳು ಈ ವರ್ಷ ಬೇರೆ ರಾಜ್ಯಕ್ಕೆ ಹೋಗುತ್ತಿದ್ದಾರೆ. ಸೆಪ್ಟೆಂಬರ್‌ಗೆ ಒಂದನೇ ಹಂತದಲ್ಲಿ ಹನ್ನೊಂದು ಮಕ್ಕಳು ಹೆಸರು ಕೊಟ್ಟಿದ್ದಾರೆ, ಗುರುಗಳು ಇನ್ನೂ ಗೊತ್ತಾಗಿಲ್ಲ. ಒಂದು ವರ್ಷ ನಿಲ್ಲಿಸಿ ಆಮೇಲೆ ನೋಡೋಣ ಎಂಬ ಮಾತು ಕಳೆದ ಸಭೆಯಲ್ಲಿ ಬಂತು ಎಂದು ಕೇಳಿದೆ. ಹೋದ ತಂಡವನ್ನು ವಾಪಸ್ ತರಲು ಟೊಲೀಡೊಗೆ ಹತ್ತು ವರ್ಷ ಬೇಕಾಯಿತು. ಆ ಹನ್ನೊಂದು ಮಕ್ಕಳು ಅಷ್ಟರಲ್ಲಿ ನನ್ನ ವಯಸ್ಸಿಗೆ ಬಂದಿರುತ್ತಾರೆ.

ಇಂದು ಪದವಿ ಪಡೆಯುತ್ತಿರುವವರಲ್ಲಿ ನಾನು ಮತ್ತು ನನ್ನ ಗೆಳತಿ ಒಬ್ಬಳು ಸಹಾಯಕರಾಗಿ ಆ ತರಗತಿಗೆ ಹೆಸರು ಕೊಟ್ಟಿದ್ದೇವೆ. ಅ ಆ ಇ ಈ ನಾವು ತಿದ್ದಿಸಬಲ್ಲೆವು, ಆಟವೂ ಆಡಿಸಬಲ್ಲೆವು. ಆದರೆ ನಿಯಮದ ಪ್ರಕಾರ ತರಗತಿಯಲ್ಲಿ ದೊಡ್ಡವರು ಒಬ್ಬರು ಇರಲೇಬೇಕು. ವ್ಯಾಕರಣ ಬರುವುದಿಲ್ಲ, ಪಾಠ ಮಾಡಿ ಅಭ್ಯಾಸ ಇಲ್ಲ ಎಂದು ಹಿಂಜರಿಯಬೇಡಿ. ಮನೆಯಲ್ಲಿ ಮಾತಾಡುವ ಕನ್ನಡದಲ್ಲೇ ಬನ್ನಿ. ಹೆಸರು ಬರೆಯುವ ಹಾಳೆ ಊಟದ ಮೇಜಿನ ಹತ್ತಿರ, ಉಪ್ಪಿನಕಾಯಿ ಪಕ್ಕದಲ್ಲೇ ಇಟ್ಟಿದ್ದೇನೆ.